ನೀರಿನಲ್ಲಿ ಮೇಲೇಳದ ಅಂಚು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಾರ್ಥನಾ ಮಂದಿರದ ವೇದಿಕೆಯ ಹಿಂದಿರುವ ದೀಕ್ಷಾಸ್ನಾನದ ತೊಟ್ಟಿಗೆ ಹೆಂಗಸೊಬ್ಬರು ಗೋಡೆ ಹಿಡಿದುಕೊಂಡು ಇಳಿಯುತ್ತಿದ್ದಾರೆ. ಮೈಮೇಲೆ ಹೊಸ ಬಿಳಿ ನಿಲುವಂಗಿ, ತಲೆಗೆ ಪ್ಲಾಸ್ಟಿಕ್ ಟೋಪಿ. ಸೊಂಟದ ಮಟ್ಟದ ನೀರಿನಲ್ಲಿ ಅವರ ಗಂಡ ಆಗಲೇ ಹಳೆಯ ಪ್ಲೈವುಡ್ ಹಲಗೆ ಹಿಡಿದು ನಿಂತಿದ್ದಾರೆ. ಹೆಂಡತಿ ಸನ್ನೆ ಮಾಡಿದ್ದೇ ತಡ, ಆತ ಹಲಗೆಯಿಂದ ನೀರನ್ನು ರಭಸವಾಗಿ ತಳ್ಳಲು ಶುರುಮಾಡುತ್ತಾರೆ. ನೀರು ತೊಟ್ಟಿಯ ಅಂಚು ದಾಟಿ ನೆಲಕ್ಕೆ ಚೆಲ್ಲುತ್ತದೆ.

“ಇವತ್ತು ನಾನೇ ನದಿ,” ಎನ್ನುತ್ತಾರೆ ಆತ, ಏದುಸಿರು ಬಿಡುತ್ತಾ. “ಮದುವೆ ಆದಾಗಿಂದ ಇವಳು ನನ್ನನ್ನ ಏನೇನೋ ಮಾಡಿದ್ದಾಳೆ. ನದಿ ಮಾಡಿದ್ದು ಇದೇ ಮೊದಲು.”

ಹೆಂಡತಿಗೆ ನಗಲು ಪುರುಸೊತ್ತಿಲ್ಲ. ಅವರ ಕಣ್ಣೆಲ್ಲ ನಿಲುವಂಗಿಯ ಕೆಳ ಅಂಚಿನ ಮೇಲಿದೆ.

ಬ್ಯಾಪ್ಟಿಸ್ಟ್ ಕ್ರೈಸ್ತ ಸಭೆಗಳ ವಿದೇಶ ಮಿಷನ್ ಮಂಡಳಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಅಂಚಿನಮ್ಮ ಎಂದೇ. ಮೇಲಿನ ಮಹಡಿಗಳಲ್ಲಿ ಭೂಪಟಗಳಿವೆ, ಭಾಷೆ ಕಲಿಸುವ ತರಗತಿಗಳಿವೆ, ವೀಸಾಕ್ಕೆ ತಲೆ ಕೆಡಿಸಿಕೊಂಡ ಗುಮಾಸ್ತರಿದ್ದಾರೆ. ಕೆಳಗೆ ನೆಲಮಾಳಿಗೆಯಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಉದ್ದನೆಯ ಮೇಜು ಮತ್ತು ಅಂಚಿನಮ್ಮ. ಹೊರದೇಶಕ್ಕೆ ಹೊರಡುವ ಪ್ರತಿ ಮಿಷನರಿಯ ಪೆಟ್ಟಿಗೆಯ ತಳದಲ್ಲಿ ಇವರು ಹೊಲಿದ ನಿಲುವಂಗಿಗಳು ಇರುತ್ತವೆ.

ಈ ಸಭೆಗಳಲ್ಲಿ ತಲೆಗೆ ನಾಲ್ಕು ಹನಿ ಚಿಮುಕಿಸಿದರೆ ದೀಕ್ಷಾಸ್ನಾನ ಆಗುವುದಿಲ್ಲ. ಬುದ್ಧಿ ಬಂದವರು ತಾವೇ ಒಪ್ಪಿ, ಎಲ್ಲರೆದುರು ನೀರಿಗಿಳಿದು, ಪೂರ್ತಿ ಮುಳುಗಿ ಏಳಬೇಕು. ಜೀವಮಾನದಲ್ಲಿ ಒಂದೇ ಸಲ. ಬಟ್ಟೆಗೆ ಈ ಗಾಂಭೀರ್ಯವೆಲ್ಲ ತಿಳಿಯದು. ಒಳಗೆ ಗಾಳಿ ತುಂಬಿದರೆ ಕೊಡೆಯ ಹಾಗೆ ಬಿಚ್ಚಿಕೊಂಡು ಮೇಲೇಳುತ್ತದೆ.

ಅಂಚಿನಮ್ಮನಿಗೆ ಇದು ಚೆನ್ನಾಗಿ ಗೊತ್ತು. ಅವರು ಹದಿಹರೆಯದಲ್ಲಿ ನೀರಿಗಿಳಿದ ದಿನ ಹಾಗೇ ಆಗಿತ್ತು. ಮುಂದಿನ ಸಾಲಿನಲ್ಲಿ ಕೂತ ಚಿಕ್ಕಪ್ಪನ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದರು. “ಪಾಸ್ಟರ್ ಏನು ಪ್ರಾರ್ಥನೆ ಮಾಡಿದ್ರು ಅಂತ ಕೇಳಿದ್ರೆ ನನಗೆ ಒಂದು ಮಾತೂ ನೆನಪಿಲ್ಲ,” ಎನ್ನುತ್ತಾರೆ. “ಎರಡೂ ಕೈಯಲ್ಲಿ ಬಟ್ಟೆ ಒತ್ತಿ ಹಿಡ್ಕೊಂಡಿದ್ದೆ. ಅದೊಂದೇ ನೆನಪು.” ಆ ಸಿಟ್ಟು ಇಂದಿಗೂ ಆರಿಲ್ಲ, ಅದನ್ನು ಅವರು ಮುಚ್ಚಿಡುವುದೂ ಇಲ್ಲ.

ಮುಂದೆ ಪರದೆ ಹೊಲಿಯುವ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಗಾಳಿಗೆ ಹಾರದಿರಲೆಂದು ಪರದೆಯ ಅಂಚಿನೊಳಗೆ ಸೀಸದ ಪುಟ್ಟ ಬಿಲ್ಲೆಗಳನ್ನು ಇಟ್ಟು ಹೊಲಿಯುವುದನ್ನು ಅಲ್ಲಿ ಕಲಿತರು. ಮಂಡಳಿಯ ಸಭಾಂಗಣಕ್ಕೆ ಪರದೆ ತೂಗುಹಾಕಲು ಬಂದ ಅಂಚಿನಮ್ಮ ನಿಲುವಂಗಿಗಳ ರಾಶಿ ನೋಡಿ, ಇವಕ್ಕೂ ಬಿಲ್ಲೆ ಹಾಕಿ ಕೊಡಲೇ ಎಂದು ಕೇಳಿದರಂತೆ. ಪರದೆ ಅಂಗಡಿಗೆ ಮತ್ತೆ ಹೋಗಲಿಲ್ಲ. ಕತ್ತರಿ ಹಿಡಿದು ಹೆಬ್ಬೆರಳು ದಪ್ಪವಾಗಿದೆ, ತೊಟ್ಟಿಯ ತಣ್ಣೀರಿಗೆ ಮಂಡಿ ಹಿಡಿದುಕೊಳ್ಳುತ್ತದೆ. ಆದರೂ ಹೊಸ ಅಳತೆಯ ನಿಲುವಂಗಿ ಹೊಲಿದಾಗಲೆಲ್ಲ ತಾವೇ ತೊಟ್ಟು ಮುಳುಗಿ ನೋಡದೆ ಕಳಿಸಿದ್ದಿಲ್ಲ.

ಅಷ್ಟೆಲ್ಲ ಜಾಗ್ರತೆ ಇದ್ದೂ ಎಡವಟ್ಟಾಯಿತು. ದೂರದೇಶದ ಮಿಷನ್ ಆಸ್ಪತ್ರೆಯಿಂದ ರಜೆಗೆ ಬಂದ ನರ್ಸಮ್ಮ ಒಂದು ಮಧ್ಯಾಹ್ನ ಚಹಾ ಕುಡಿಯುತ್ತಾ, ಹೇಳಲೋ ಬೇಡವೋ ಎಂದು ಹಿಂದೆಮುಂದೆ ನೋಡುತ್ತಲೇ ಸುದ್ದಿ ಬಿಚ್ಚಿದರು. ಅಲ್ಲಿ ತೊಟ್ಟಿಯಿಲ್ಲ, ಹರಿಯುವ ನದಿ. ವರ್ಷಗಟ್ಟಲೆ ಯೋಚಿಸಿ ದೀಕ್ಷಾಸ್ನಾನಕ್ಕೆ ಒಪ್ಪಿದ್ದ ಅಜ್ಜಿಯೊಬ್ಬರು ಸೊಂಟದ ಮಟ್ಟದ ನೀರಿಗೆ ಬರುವಷ್ಟರಲ್ಲಿ ನಿಲುವಂಗಿ ಸೊಂಟದವರೆಗೆ ಎದ್ದುಬಿಟ್ಟಿತು. ದಡದಲ್ಲಿ ಊರಿಗೆ ಊರೇ ನಿಂತಿತ್ತು. ಅಜ್ಜಿ ಬಟ್ಟೆ ಮುದುರಿ ಹಿಡಿದು ದಡಕ್ಕೆ ವಾಪಸಾದರು, ಮುಳುಗಲೇ ಇಲ್ಲ. ಅಂದಿನಿಂದ ಸಭೆಯ ಕಡೆ ತಲೆ ಹಾಕಿಲ್ಲ.

“ನಿಂತ ನೀರಿಗೆ ಹೊಲಿದಿದ್ದನ್ನ ಹರಿಯೋ ನೀರಿಗೆ ಕಳಿಸಿದ್ದೆ,” ಎನ್ನುತ್ತಾರೆ ಅಂಚಿನಮ್ಮ. “ತಪ್ಪು ನನ್ನದು. ಸರಿ ಮಾಡೋದೂ ನನಗೇ ಗೊತ್ತು.”

ಮೊದಲು ಬಿಲ್ಲೆಗಳನ್ನು ದುಪ್ಪಟ್ಟು ಮಾಡಲು ಹೊರಟಿದ್ದರು. ಗಂಡ ಅಡ್ಡ ಬಂದರು. ಮಂಡಳಿಯ ಕಾವಲುಗಾರರಾದ ಆತ ಹುಡುಗನಾಗಿದ್ದಾಗ ಹೊಳೆಯಲ್ಲಿ ಈಜಿ ಬೆಳೆದವರು. ಭಾರದ ಬಟ್ಟೆ ಮುದುಕಿಯನ್ನು ಸೆಳೆದುಕೊಂಡು ಹೋದರೆ ಏನು ಗತಿ ಎಂದರು. ಆ ಮಾತಿಗೆ ಒಂದು ಹೊತ್ತು ಜಗಳವಾಯಿತು, ಆಮೇಲೆ ಅಂಚಿನಮ್ಮ ಬಿಲ್ಲೆಗಳನ್ನು ಬಿಚ್ಚಿದರು. ಈಗಿನ ನಿಲುವಂಗಿಯಲ್ಲಿ ಬಿಲ್ಲೆ ಕಡಿಮೆ. ನೀರು ಹಾದುಹೋಗಲು ಎರಡೂ ಪಕ್ಕ ಸೀಳಿದೆ. ಒಳಗೊಂದು ಪೈಜಾಮವಿದೆ, ನಿಲುವಂಗಿಯ ಅಂಚನ್ನು ಅದರ ಕಾಲುಗಳಿಗೆ ಅಲ್ಲಲ್ಲಿ ಹೊಲಿಗೆ ಹಾಕಿ ಹಿಡಿಸಿದ್ದಾರೆ.

ನರ್ಸಮ್ಮನ ವಿಮಾನ ಇವತ್ತು ಸಂಜೆ. ಹಾಗಾಗಿಯೇ ಬೆಳಗಿನ ಈ ಅವಸರ. ನದಿಯಾದ ಗಂಡ ಬೆವರು ಒರೆಸಿಕೊಂಡು ಮತ್ತೊಮ್ಮೆ ತಳ್ಳುತ್ತಾರೆ. ಅಂಚಿನಮ್ಮ ಮೂಗು ಹಿಡಿದು ಮುಳುಗುತ್ತಾರೆ, ಏಳುತ್ತಾರೆ. ಅಂಚು ಕಾಲಬುಡದಲ್ಲೇ ಇದೆ.

“ಇನ್ನೂ ಜೋರಾಗಿ,” ಎಂದು ಗಂಡನಿಗೆ ಹೇಳುತ್ತಾರೆ.

ಸಂಜೆಯ ಹೊತ್ತಿಗೆ ನಿಲುವಂಗಿ ಒಣಗಿ, ಇಸ್ತ್ರಿಯಾಗಿ, ನರ್ಸಮ್ಮನ ಕೈಚೀಲ ಸೇರುತ್ತದೆ. ಅಜ್ಜಿಗೆ ತೋರಿಸಿ, ಒತ್ತಾಯ ಮಾಡಬೇಡಿ ಎಂದಷ್ಟೇ ಅಂಚಿನಮ್ಮ ಹೇಳಿ ಕಳಿಸುತ್ತಾರೆ.

ವಾರಗಳು ಕಳೆಯುತ್ತವೆ. ಮಂಡಳಿಯ ಸೂಚನಾ ಫಲಕಕ್ಕೆ ಹೊರದೇಶಗಳಿಂದ ಹೊಸ ಫೋಟೋಗಳು ಬರುತ್ತವೆ, ಅವುಗಳಲ್ಲಿ ನದಿಯಿಲ್ಲ. ಕೇಳಿದವರಿಗೆಲ್ಲ ಅಂಚಿನಮ್ಮ ಒಂದೇ ಮಾತು ಹೇಳುತ್ತಾರೆ, ಬಟ್ಟೆ ಸರಿಯಾಗಿದೆ, ಮನಸ್ಸು ಬಂದ ದಿನ ಅಜ್ಜಿ ಇಳಿಯುತ್ತಾರೆ. ಆದರೂ ಫೋನು ಮೇಜಿನ ಮೇಲಿಂದ ಕದಲುವುದಿಲ್ಲ, ಅದರ ಮೇಲೆ ಬಟ್ಟೆ ಬೀಳಲು ಬಿಡುವುದಿಲ್ಲ.

ಕೊನೆಗೊಂದು ದಿನ ಅದು ರಿಂಗಾಗುತ್ತದೆ. ನರ್ಸಮ್ಮ ಆ ತುದಿಯಲ್ಲಿ ಅಳುತ್ತಲೇ ನಗುತ್ತಿದ್ದಾರೆ. ಅಜ್ಜಿ ನಿಲುವಂಗಿಯನ್ನು ಮನೆಗೊಯ್ದು, ಯಾರಿಗೂ ಹೇಳದೆ ಒಬ್ಬರೇ ನದಿಗಿಳಿದು ಪರೀಕ್ಷೆ ಮಾಡಿದ್ದರಂತೆ. ಆಮೇಲೆ ತಾವಾಗಿಯೇ ಸಭೆಗೆ ಬಂದರಂತೆ. ಇವತ್ತು ಅದೇ ದಡ, ಅದೇ ಜನ. ಅಜ್ಜಿ ಮುಳುಗಿ ಎದ್ದರು.

ಅಂಚಿನಮ್ಮ ಯಂತ್ರ ನಿಲ್ಲಿಸುತ್ತಾರೆ. ಅವರಿಗೆ ಕೇಳಬೇಕಾದ್ದು ಒಂದೇ. “ನೀರಲ್ಲಿ ನಿಂತಾಗ ಅವರ ಕೈ ಎಲ್ಲಿತ್ತು?”

“ಎದೆ ಮೇಲಮ್ಮ,” ಎನ್ನುತ್ತಾರೆ ನರ್ಸಮ್ಮ. “ಎರಡೂ ಕೈ ಎದೆ ಮೇಲೇ ಇತ್ತು.”