ಮಾವನವರು ತೋರಿಸಿದ ಚಂದ್ರ

ಮೊನ್ನೆ ಯುಗಾದಿಯ ಮಾರನೆಯ ಸಂಜೆ ನಾನಿನ್ನೂ ಸೊಂಟ ಹಿಡಿದುಕೊಂಡು ಕಡೂರಿನ ನಮ್ಮ ಮನೆಯ ತಾರಸಿ ಮೆಟ್ಟಿಲು ಹತ್ತುತ್ತಿದ್ದೆ. ಅಷ್ಟರಲ್ಲಿ ಮೇಲಿನಿಂದ ಮೊಮ್ಮಗಳು ‘ಚಂದ್ರ ಕಾಣ್ತು! ಕಾಣ್ತು!’ ಎಂದು ಕೂಗಿಬಿಟ್ಟಳು. ನನಗೆ ಸಿಟ್ಟು ಬಂತು. ಹಿರಿಯಳು ನಾನು, ಬರುವ ತನಕ ಕಾಯಬಾರದೇ? ಚಂದ್ರ ಕಾಯಲಿಕ್ಕೆ ನೀನ್ಯಾವ ಮಹಾರಾಣಿ ಅನ್ನುತ್ತೀರಿ, ಅನ್ನಿ. ಆದರೂ ಸಿಟ್ಟು ಬಂದದ್ದು ನಿಜ. ಮೆಟ್ಟಿಲ ಮೇಲೇ ಕುಳಿತುಬಿಟ್ಟೆ. ಕುಳಿತ ಮೇಲೆ ನೆನಪಾದವರು ನಮ್ಮ ಮಾವನವರು.

ನಾನು ತರೀಕೆರೆ ಪೇಟೆಯ ಹುಡುಗಿ. ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಬುಕ್ಕಾಂಬುಧಿ ಪಕ್ಕದ ಹಳ್ಳಿಗೆ ಬಂದೆ. ತವರಿನಲ್ಲಿ ಹಬ್ಬದ ಚಂದ್ರನನ್ನು ಕಂಡವರು ಕಂಡ ಹಾಗೆ ನೋಡುತ್ತಿದ್ದೆವು. ನಮ್ಮಪ್ಪನಂತೂ ಅಂಗಡಿಯಲ್ಲಿ ಬೆಲ್ಲ ತೂಗುತ್ತಲೇ ಒಮ್ಮೆ ಕತ್ತೆತ್ತಿ ನೋಡಿ, ಮತ್ತೆ ತಕ್ಕಡಿ ನೋಡುತ್ತಿದ್ದ. ಆ ಹಳ್ಳಿಯಲ್ಲಿ ಹಾಗಲ್ಲ. ಆ ಸಂಜೆ ಊರಿಗೆ ಊರೇ ಕೆರೆ ಏರಿಯ ಮೇಲೆ ಸೇರಬೇಕು. ಯಾರಿಗೆ ಮೊದಲು ಕಂಡರೂ ಬಾಯಿ ಬಿಡುವಂತಿಲ್ಲ. ಊರಿಗೆ ಹಿರಿಯರಾದ ಮಾವನವರು ಬೆರಳು ತೋರಿಸಿ ‘ಕಾಣ್ತು ಕಣ್ರಪ್ಪಾ’ ಅನ್ನಬೇಕು, ಆಮೇಲೆ ಉಳಿದವರು ಕೈ ಮುಗಿಯಬೇಕು. ಚಂದ್ರನ ಯಾವ ಕೋಡು ಮೇಲಿದೆ ಎಂದು ನೋಡಿ, ಈ ವರ್ಷ ಮಳೆ ಮಲೆನಾಡಿಗೋ ಬಯಲಿಗೋ ಎಂದೂ ಅವರೇ ಹೇಳಬೇಕು. ಹೇಳಿದ್ದು ಎಷ್ಟು ಸಲ ನಿಜವಾಯಿತೆಂದು ಯಾರೂ ಕೇಳಿದವರಲ್ಲ. ಹೇಳುವ ಠೀವಿಯೇ ಅಂಥದ್ದು. ಕೊನೆಗೆ ಎಲ್ಲರೂ ಅವರ ಕಾಲು ಮುಟ್ಟಿದ ಮೇಲೇ ಊರಿಗೆ ಹೊಸ ವರ್ಷ.

ಅಂಥವರ ಕಣ್ಣಿಗೆ ಪೊರೆ ಬಂದಿತ್ತು. ಮನೆಯವರಿಗೆಲ್ಲ ಗೊತ್ತು, ಹೇಳುವ ಧೈರ್ಯವಿಲ್ಲ. ಅಂಗಳಕ್ಕೆ ಬಂದ ಪಕ್ಕದ ಮನೆಯ ಎಮ್ಮೆಗೆ ಒಮ್ಮೆ ‘ಯಾರಪ್ಪಾ ಅದು? ಬಾ, ಕೂತ್ಕೊ’ ಅಂದಿದ್ದರು ಪುಣ್ಯಾತ್ಮರು. ಅತ್ತೆ ಒಬ್ಬರೇ ಬಿಡುತ್ತಿರಲಿಲ್ಲ.

‘ಆಸ್ಪತ್ರೆಗೋಗಿ ಪೊರೆ ತೆಗೆಸ್ಕಳ್ರೀ ಅಂದ್ರೆ ಕೇಳಲ್ಲ. ಕಣ್ಣು ಹೋದ್ರೂ ಜಂಬ ಹೋಗಲ್ಲ.’

‘ಲೇ, ನನ್ ಕಣ್ಣಿಗೇನಾಗೈತೆ? ಮೊದ್ಲು ನಿನ್ ಬಾಯಿಗೆ ಔಷ್ದಿ ತಗೊ.’

ಡಾಕ್ಟರ ಕತ್ತಿಗೆ ಹೆದರುವ ಗಂಡಸಲ್ಲ ಅವರು. ಕಣ್ಣು ಹೋಯಿತೆಂದು ಒಪ್ಪಿದರೆ ಏರಿಯ ಮೇಲಿನ ಆ ಜಾಗ ಹೋಯಿತು, ಅದೇ ಭಯ. ಅವರಿಗೆ ಆ ಜಾಗ ಹೊಲ ಮನೆಗಿಂತ ಹೆಚ್ಚಿನದಾಗಿತ್ತು.

ನನ್ನ ಮೊದಲ ಯುಗಾದಿ. ಹೊಸ ಸೀರೆಯುಟ್ಟು ನಾನೂ ಏರಿಯ ಮೇಲೆ ನಿಂತಿದ್ದೆ. ಹೊತ್ತು ಮುಳುಗಿತು. ಪಡುವಣ ಗುಡ್ಡದ ಮೇಲೆ ಉಗುರಿನಷ್ಟು ತೆಳ್ಳಗೆ ಚಂದ್ರ ಎಲ್ಲರಿಗೂ ಕಂಡ. ಊರು ಬಾಯಿ ಮುಚ್ಚಿಕೊಂಡು ಮಾವನವರ ಮುಖ ನೋಡುತ್ತಿತ್ತು. ಅವರು ಕಣ್ಣು ಕಿರಿದು ಮಾಡಿದರು, ಹಣೆಗೆ ಕೈ ಅಡ್ಡ ಹಿಡಿದರು. ಕೊನೆಗೆ ಬೆರಳೆತ್ತಿ, ‘ಕಾಣ್ತು ಕಣ್ರಪ್ಪಾ! ಬಲಗೋಡು ಮೇಲೈತೆ. ಈ ವರ್ಷ ಬಯಲಿಗೆ ಮಳೆ’ ಎಂದರು. ಬೆರಳು ತೋರಿಸಿದ್ದು ಗುಡ್ಡದಿಂದ ಎಷ್ಟೋ ಆಚೆ, ಒಂದು ಹುಣಸೆ ಮರದ ನೆತ್ತಿಗೆ. ಅಲ್ಲಿ ಒಂದು ಕಾಗೆಯೂ ಇರಲಿಲ್ಲ.

ಏನು ಹೇಳಲಿ! ಊರಿಗೆ ಊರೇ ನಿಜವಾದ ಚಂದ್ರನನ್ನು ಬಿಟ್ಟು ಆ ಹುಣಸೆ ಮರಕ್ಕೆ ಕೈ ಮುಗಿಯಿತು. ಒಬ್ಬಿಬ್ಬರು ಮಾತ್ರ ಓರೆಗಣ್ಣಲ್ಲಿ ಗುಡ್ಡದ ಕಡೆ ನೋಡಿ, ತಪ್ಪಾಯ್ತಪ್ಪಾ ಎಂದು ಗಲ್ಲ ಗಲ್ಲ ಬಡಿದುಕೊಂಡರು.

ನನ್ನ ಬಾಯಿ ಆಗಲೂ ಹೀಗೇ, ಈಗಲೂ ಹೀಗೇ. ‘ಮಾವ, ಅಲ್ಲಲ್ಲ, ಇಲ್ಲಿದೆ!’ ಅಂದುಬಿಟ್ಟೆ.

ನನ್ನ ಗಂಡ ಹಿಂದಿನಿಂದ ಸೆರಗು ಜಗ್ಗಿದರು. ಮಾವನವರು ನನ್ನ ದನಿ ಬಂದ ಕಡೆ ತಿರುಗಿ, ‘ಎಲ್ಲವ್ವಾ?’ ಎಂದರು. ಅವರ ಕೈ ಹಿಡಿದು ಗುಡ್ಡದ ಕಡೆ ತಿರುಗಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಏರಿ ಇಳಿದು ಮನೆಗೆ ಹೋದರು.

ಕಾಲು ಮುಟ್ಟಲು ಜನ ಮನೆಗೇ ಬಂದರು. ಮಾವನವರು ಜಗಲಿಯ ಮೇಲೆ ಕಾಲು ಮಡಚಿ, ಪಂಚೆಯೊಳಗೆ ಮುಚ್ಚಿಕೊಂಡು ಕೂತಿದ್ದರು. ‘ಬ್ಯಾಡ್ರಪ್ಪಾ. ಬರೀ ಆಕಾಶಕ್ಕೆ ನಿಮ್ ಕೈ ಮುಗಿಸ್ದೋನು ನಾನು. ನನ್ ಕಾಲಿಗೆ ಬೀಳ್ಬ್ಯಾಡ್ರಿ’ ಎಂದರು. ನನಗೋ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು. ನಾಳೆ ನನ್ನನ್ನು ತವರಿಗೆ ಅಟ್ಟುತ್ತಾರೆ ಎಂದು ಅಡುಗೆಮನೆಯಲ್ಲಿ ಅಳುತ್ತಾ ಕುಳಿತೆ. ಅತ್ತೆ ಬಂದು ಪಕ್ಕದಲ್ಲಿ ಕೂತರು.

‘ಅಳ್ಬ್ಯಾಡ ಕಣೇ. ನಾನು ಇಷ್ಟು ದಿನ ಬಡ್ಕಂಡಿದ್ದನ್ನ ನೀನು ಒಂದೇ ಮಾತಲ್ಲಿ ಹೇಳ್ದೆ. ಏಳು, ಅವ್ರಿಗೆ ಊಟಕ್ಕಿಡು.’

ಬೆಳಿಗ್ಗೆ ಮಾವನವರು ಕೋಟು ಹಾಕಿಕೊಂಡು ಹೊರಟು ನಿಂತಿದ್ದರು. ‘ಬೀರೂರಿಗೋಗಿ ಶಿವಮೊಗ್ಗದ ರೈಲು ಹಿಡಿಯಾಣ. ಈ ಕಣ್ಣಿಂದು ಏನಾಯ್ತದೋ ನೋಡೇಬಿಡಾಣ. ತರೀಕೆರೆಯೋಳೂ ಬರ್ಲಿ.’

‘ಮಗ ಬತ್ತಾನಲ್ಲ, ಸಾಲ್ದಾ?’ ಎಂದರು ಅತ್ತೆ.

‘ಡಾಕ್ಟ್ರು ಹೇಳಿದ್ದಕ್ಕೆಲ್ಲ ಬೆಲ್ಲ ಸವರಿ ಹೇಳ್ತಾನೆ ಅವ್ನು. ಇವ್ಳು ಇದ್ದಿದ್ದು ಇದ್ದಂಗೆ ಹೇಳ್ತಾಳೆ.’

ಒಂದು ಕಣ್ಣು ಚೆನ್ನಾಗಿ ಬಂತು, ಇನ್ನೊಂದು ಅಷ್ಟಕ್ಕಷ್ಟೇ. ಮುಂದಿನ ಯುಗಾದಿಗೆ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಏರಿಯ ಮೇಲೆ ಬಂದರು. ಊರು ಎಂದಿನಂತೆ ಅವರ ಮುಖ ನೋಡುತ್ತಾ ನಿಂತಿತು. ಮಾವನವರಿಗೆ ರೇಗಿತು.

‘ನನ್ ಮುಖ ಏನ್ ನೋಡ್ತೀರಿ? ಚಂದ್ರ ಇಲ್ಲೈತಾ? ಇನ್ಮೇಲೆ ಯಾರಿಗೆ ಮೊದ್ಲು ಕಾಣ್ತೈತೋ ಅವ್ರೇ ಕೂಗ್ರಪ್ಪಾ.’

ಯಾರಿಗೂ ಬಾಯಿ ಬರಲಿಲ್ಲ. ರೂಢಿ ಬಿಡುವುದೆಂದರೆ ಸುಮ್ಮನೆಯೇ? ಕೊನೆಗೆ ಯಾರದೋ ಸೊಂಟದ ಮೇಲಿದ್ದ ಕೂಸು ‘ಚಂದಮಾಮ!’ ಅಂತು. ಏರಿಯೆಲ್ಲ ನಕ್ಕಿತು. ಮಾವನವರೂ ನಕ್ಕರು, ನಗುತ್ತಲೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಪರೇಷನ್ ಆದ ಕಣ್ಣು, ನೀರು ಬರ್ತೈತೆ ಎಂದರು. ನಾನು ನಂಬಿದೆ. ಅವತ್ತು ಅವರು ಕೈಯಾರೆ ಬಿಟ್ಟುಕೊಟ್ಟದ್ದು ಎಷ್ಟು ದೊಡ್ಡದು ಎಂದು ಆ ವಯಸ್ಸಿಗೆ ನನಗೆಲ್ಲಿ ತಿಳಿಯಬೇಕು?

ಮೊಣಕಾಲು ಹಿಡಿದುಕೊಂಡು ಎದ್ದೆ, ಉಳಿದ ಮೆಟ್ಟಿಲು ಹತ್ತಿದೆ. ಮೊಮ್ಮಗಳು ಓಡಿ ಬಂದು, ‘ಅಜ್ಜೀ, ಆ ತೆಂಗಿನ ಮರದ ಮೇಲೆ, ಸ್ವಲ್ಪ ಎಡಕ್ಕೆ. ಕಾಣ್ತಾ?’ ಎಂದಳು.

ಹೋದ ವರ್ಷವೂ ಹೀಗೇ ಕೇಳಿದ್ದಳು. ‘ಓಹೋ, ಕಾಣ್ತು ಕಾಣ್ತು’ ಎಂದು ಅವಳು ತೋರಿಸಿದ ದಿಕ್ಕಿಗೆ ಕೈ ಮುಗಿದಿದ್ದೆ. ಅದರ ಹಿಂದಿನ ವರ್ಷವೂ ಅಷ್ಟೇ.

‘ಇಲ್ಲ ಕಣೇ,’ ಎಂದೆ ಈ ಸಲ. ‘ಕಾಣ್ಲಿಲ್ಲ.’