ಕತೆಗೆ ಕೆಂಪು ಟ್ಯಾಗು

ನನ್ನ ಗಂಡ ರುದ್ರಸ್ವಾಮಿ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಯಂತ್ರದ ಗೇರುಗಳನ್ನು ಅಳೆದು, ಸರಿಯಿದ್ದರೆ ಹಸಿರು ಟ್ಯಾಗು, ಇಲ್ಲದಿದ್ದರೆ ಕೆಂಪು ಟ್ಯಾಗು ಕಟ್ಟುವುದು ಅವರ ಕೆಲಸ. ಕಣ್ಣಾರೆ ಕಂಡದ್ದನ್ನು ಮಾತ್ರ ವರದಿಯಲ್ಲಿ ಬರೆಯಬೇಕು, ‘ಇರಬಹುದು’ ಅನ್ನಕೂಡದು ಎಂಬುದು ಅಲ್ಲಿ ಕಲಿಸುವ ಮೊದಲ ಪಾಠ. ಅದನ್ನು ಅವರು ಮನೆಗೂ ತಂದಿದ್ದಾರೆ. ಸಾರಿಗೆ ಉಪ್ಪು ಜಾಸ್ತಿಯಾಯಿತೇ ಎಂದು ಕೇಳಿದರೆ ಇನ್ನೊಂದು ಸಲ ಬಡಿಸಿಕೊಂಡು ನೋಡಿ ಹೇಳುತ್ತಾರೆ.

ಪಾಳಿ ವಾರವಾರವೂ ಬದಲಾಗಬೇಕು. ರಾತ್ರಿಗೆ ಇನ್‌ಸ್ಪೆಕ್ಟರುಗಳು ಸಾಲದೆ ಇವರದು ಮಾತ್ರ ರಾತ್ರಿ ಪಾಳಿಯಲ್ಲೇ ನಿಂತುಬಿಟ್ಟಿತ್ತು. ನಮ್ಮ ಮಗಳು ವರ್ಷಿಣಿ ಏಳುವ ಹೊತ್ತಿಗೆ ಅವರು ಬಂದು ಮಲಗುತ್ತಿದ್ದರು. ಅವರು ಏಳುವ ಹೊತ್ತಿಗೆ ಅವಳು ಮಲಗಿರುತ್ತಿದ್ದಳು. ಹಾಗಿರುವಾಗ ಕಾರ್ಖಾನೆಯ ಟ್ರೈನಿಂಗ್ ವಿಭಾಗದಲ್ಲಿ ಒಂದು ಜಾಗ ಬಂತು: ಹೊರರಾಜ್ಯದ ಕೆಲಸಗಾರರಿಗೆ ಕನ್ನಡ ಕಲಿಸಬೇಕು, ಕೈಪಿಡಿಗಳನ್ನು ಕನ್ನಡಕ್ಕೆ ತರಬೇಕು. ಬರೀ ಹಗಲು ಪಾಳಿ. ಕನ್ನಡ ಎಂ.ಎ. ಆಗಿರಬೇಕು. ಇವರು ಅರ್ಧಕ್ಕೆ ಬಿಟ್ಟಿದ್ದ ಎಂ.ಎ. ಮುಗಿಸಲು ಸರಸ್ವತಿಪುರಂನ ಸಂಜೆ ತರಗತಿಗೆ ಸೇರಿದರು. ಮಗಳನ್ನು ನೋಡುವ ಸಲುವಾಗಿ ಸೇರಿದ್ದರಿಂದ, ಅವಳು ಎಚ್ಚರವಿರುವ ಅಪರೂಪದ ಸಂಜೆಯೂ ಹೋಯಿತು.

ಮಿಕ್ಕ ಪತ್ರಿಕೆಗಳೆಲ್ಲ ಪಾಸಾದವು. ಉಳಿದದ್ದು ಕಥನಶಾಸ್ತ್ರ. ಕತೆಯನ್ನು ಯಾರು ಹೇಳುತ್ತಿದ್ದಾರೆ, ಎಲ್ಲಿ ನಿಂತು ಹೇಳುತ್ತಿದ್ದಾರೆ, ಅವರಿಗೆ ಎಷ್ಟು ಗೊತ್ತು ಎಂದು ನೋಡುವ ಶಾಸ್ತ್ರ. ತನಗಾಗಿಯೇ ಮಾಡಿದ ವಿಷಯವೆಂದು ಇವರಿಗೆ ಬಹಳ ಸಂತೋಷವಾಗಿತ್ತು. ಮನೆಯಲ್ಲೇ ಅಭ್ಯಾಸ ಶುರುಮಾಡಿದರು. ರಜೆಯ ದಿನ ನಮ್ಮತ್ತೆ ಚಿಕ್ಕಮಾದಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕತೆ ಹೇಳುತ್ತಿದ್ದರು.

“ಒಂದೂರಲ್ಲಿ ಒಬ್ಬ ರಾಜ ಇದ್ನಂತೆ. ಅವ್ನಿಗೆ ನಿದ್ದೇನೇ ಬರ್ತಿರ್ಲಿಲ್ವಂತೆ.”

“ಯಾರವ್ವ ಹೇಳಿದ್ದು ನಿಂಗೆ?” ಒಳಗೆ ಮಲಗಿದ್ದಲ್ಲಿಂದಲೇ ಇವರು ಕೇಳಿದರು.

“ನಮ್ಮವ್ವ.”

“ಅವ್ರಿಗೆ?”

“ಲೋ ಸ್ವಾಮಿ, ಅದ್ಕೇ ಅಂತೆ ಅನ್ನಾದು. ನಾನೇನು ರಾಜನ ಮಂಚದ್ ಕೆಳಗೆ ಕೂತಿದ್ನಾ? ಸುಮ್ಕೆ ಮಲೀಕೋ.”

‘ಅಂತೆ’ ಇದ್ದರೆ ಕತೆ ಪ್ರಾಮಾಣಿಕ ಎಂದು ಇವರು ಬರೆದುಕೊಂಡರು.

ಪರೀಕ್ಷೆಗೆ ಕೂರಬೇಕಾದರೆ ಮೊದಲು ಒಂದು ಕತೆಯ ವಿಶ್ಲೇಷಣೆ ಬರೆದು ಒಪ್ಪಿಸಬೇಕಿತ್ತು. ಮೇಷ್ಟ್ರು ಪ್ರದ್ಯುಮ್ನ ಒಂದು ಸಣ್ಣ ಕತೆ ಕೊಟ್ಟಿದ್ದರು. ಪಟ್ಟಣದಲ್ಲಿ ಕೆಲಸಕ್ಕಿರುವ ಒಬ್ಬ, ಊರಿನಲ್ಲಿ ಬಾವಿಕಟ್ಟೆಯ ಮೇಲೆ ಕೂತ ತನ್ನ ಹೆಂಡತಿಯ ಬಗ್ಗೆ ಹೇಳುತ್ತಾ ಹೋಗುತ್ತಾನೆ. ಅವಳು ಏನು ನೆನೆದಳು, ಸೆರಗಿನಿಂದ ಹೇಗೆ ಮುಖ ಒರೆಸಿಕೊಂಡಳು, ಎಲ್ಲವನ್ನೂ. ನನ್ನ ಗಂಡ ಬರೆದದ್ದು ಇಷ್ಟು: ‘ನಿರೂಪಕನು ಸ್ಥಳದಲ್ಲಿ ಇರಲಿಲ್ಲ. ಹೆಂಡತಿಯ ಮನಸ್ಸನ್ನು ತಿಳಿಯುವ ಸಾಧನ ಅವನ ಬಳಿ ಇಲ್ಲ. ಒಂದು ಕಡೆಯೂ ಅಂತೆ ಎಂದಿಲ್ಲ. ಕತೆಯನ್ನು ತಿರಸ್ಕರಿಸಲಾಗಿದೆ.’

ಪ್ರದ್ಯುಮ್ನ ಮೇಷ್ಟ್ರು ಕರೆದು ಹೇಳಿದರಂತೆ, “ರುದ್ರಸ್ವಾಮಿಯವರೇ, ಇದು ಗೇರಲ್ಲ. ಅವನಿಗೆ ಹೇಗೆ ಗೊತ್ತು ಅಂತ ಕೇಳಿದ್ದೀರಿ, ಸರಿ. ಗೊತ್ತಿಲ್ಲದೆಯೂ ಯಾಕೆ ಹೇಳ್ತಾನೆ ಅಂತ ಕೇಳಲೇ ಇಲ್ವಲ್ಲ. ತಿಂಗಳ ಕೊನೆಯೊಳಗೆ ಇನ್ನೊಂದು ಸಲ ಬರೆದು ತನ್ನಿ. ಇಲ್ದಿದ್ರೆ ಮುಂದಿನ ವರ್ಷ.”

ಮುಂದಿನ ವರ್ಷದವರೆಗೆ ಆ ಜಾಗ ಇವರಿಗಾಗಿ ಕಾಯುವುದಿಲ್ಲ. ಇವರು ಕತೆಯನ್ನು ಮತ್ತೆ ಮತ್ತೆ ಓದಿದರು. ಓದಿದಷ್ಟೂ ಅದು ಕೆಂಪು ಟ್ಯಾಗಿಗೇ ಯೋಗ್ಯವಾಗಿ ಕಂಡಿತು.

ಆ ವಾರವೇ ಒಂದು ಮಧ್ಯಾಹ್ನ ವರ್ಷಿಣಿ ಮೊದಲ ಸಲ ನಡೆದಳು. ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲು ಹಿಡಿದು ನಿಂತಿದ್ದವಳು ಕೈಬಿಟ್ಟು ಹೊಸ್ತಿಲವರೆಗೆ ಬಂದಳು. ನನ್ನ ಕೈಯೆಲ್ಲ ಸೋಪು. ಎಬ್ಬಿಸೋಣವೆಂದುಕೊಂಡೆ, ಅವರು ಓವರ್‌ಟೈಮ್ ಮುಗಿಸಿ ಆಗತಾನೆ ಮಲಗಿದ್ದರು. ಸಂಜೆ ಎದ್ದಾಗ ಹೇಳಿದೆ.

“ಗೋಡೆ ಹಿಡ್ಕೊಂಡಿದ್ಲಾ?”

“ಇಲ್ಲ.”

“ನೀನೇ ನೋಡ್ದ್ಯಾ?”

“ನಾನೇ ನೋಡಿದೆ ಕಣ್ರೀ.”

ತಲೆಯಾಡಿಸಿ ಕ್ಲಾಸಿಗೆ ಹೋದರು. ಶರ್ಟಿನ ಗುಂಡಿಯನ್ನು ತಪ್ಪು ಕಾಜಾಕ್ಕೆ ಹಾಕಿಕೊಂಡಿದ್ದರು.

ಭಾನುವಾರ ಅವರ ಜೊತೆ ಕೆಲಸ ಮಾಡುವ ಪುಟ್ಟಣ್ಣ ಟೀಗೆ ಬಂದರು. ವರ್ಷಿಣಿ ಒಳಗೆ ಮಲಗಿದ್ದಳು. ಅತ್ತೆ ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ಲೋಟ ತರುವಾಗ ಇವರು ಹೇಳುತ್ತಿದ್ದರು: “ಕಲ್ಲು ಬಿಟ್ಟೇಬಿಟ್ಲು ಕಣಯ್ಯ. ಒಂದು ಕಾಲು ಎತ್ತಿ ಹಂಗೇ ನಿಂತ್ಕೊಂಡ್ಲು, ಇಡ್ಲೋ ಬೇಡ್ವೋ ಅಂತ. ಕೆಳಗಿನ ತುಟಿ ಕಚ್ಕೊಂಡಿದ್ಲು. ಆಮೇಲೆ ನನ್ ಕಡೆ ನೋಡಿ ಒಂದ್ಸಲ ನಕ್ಬುಟ್ಟು, ಸೀದಾ ಬಂದ್ಬುಟ್ಲು.”

ತುಟಿ ಕಚ್ಚಿದ್ದನ್ನು ನಾನು ಹೇಳಿರಲಿಲ್ಲ. ಕಚ್ಚಿಯೂ ಇರಲಿಲ್ಲ.

“ಲೋ ಸ್ವಾಮಿ,” ಅತ್ತೆ ಕಾಯಿಯಿಂದ ತಲೆ ಎತ್ತದೆ ಅಂದರು, “ನೀ ಆವಾಗ ಗೊರ್ಕೆ ಒಡೀತಿದ್ದಲ್ಲೋ.”

ಪುಟ್ಟಣ್ಣ ನಕ್ಕು ಟೀ ನೆತ್ತಿಗೇರಿಸಿಕೊಂಡರು. “ಏನ್ ಇನ್‌ಸ್ಪೆಕ್ಟ್ರೇ, ನೋಡ್ದೇನೇ ಓಕೆ ಮಾಡ್ಬುಟ್ರಾ?”

ಪುಟ್ಟಣ್ಣ ಹೊರಟುಹೋದರು. ನಾನು ಲೋಟ ತೊಳೆದು ಬಂದೆ.

“ನಡೆದಳಂತೆ ಅನ್ಬೇಕಿತ್ತು ನಾನು,” ಅಂದರು.

“ಅನ್ಬೋದಿತ್ತು.”

“ಅಂತೆ ಅಂದ್ರೆ ಪಕ್ಕದ್ಮನೆ ಮಗು ಆಗ್ಬುಡ್ತದೆ ಕಣೆ.”

ಅವರೇ ಎದ್ದು ಮೇಷ್ಟ್ರು ಕೊಟ್ಟ ಕತೆಯನ್ನು ತೆಗೆದುಕೊಂಡು ಬಾಗಿಲ ಬೆಳಕಿಗೆ ಕೂತರು. ಓದಿ ಮುಗಿಸಿ, “ಇವ್ನೂ ಅಲ್ಲಿರ್ಲಿಲ್ಲ, ಪಾಪ,” ಅಂದರು. ಆ ‘ಪಾಪ’ ಹೊಸದು.

ಹೊಸ ವಿಶ್ಲೇಷಣೆಯನ್ನು ನನಗೆ ಓದಿ ಹೇಳಿದರು. ನಿರೂಪಕನಿಗೆ ಬಾವಿಕಟ್ಟೆಯ ವಿಷಯ ಏನೇನೂ ಗೊತ್ತಿಲ್ಲ. ಗೊತ್ತಿಲ್ಲವೆಂಬುದು ಅವನಿಗೆ ಗೊತ್ತು. ‘ಅಂತೆ’ ಅಂದರೆ ತಾನು ದೂರವಿರುವುದನ್ನು ಒಪ್ಪಿಕೊಂಡಂತೆ, ಆದ್ದರಿಂದ ಅನ್ನುವುದಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡದ್ದು ಹೆಂಡತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಅವನ ಬಗ್ಗೆ ಹೇಳುತ್ತದೆ. ಪ್ರದ್ಯುಮ್ನ ಮೇಷ್ಟ್ರು ಅದರ ಮೇಲೆ ‘ಭಾಷೆ ಒಣ, ಪರವಾಗಿಲ್ಲ’ ಎಂದು ಬರೆದು ಒಪ್ಪಿಕೊಂಡರು. ಪರೀಕ್ಷೆಯೂ ಅಷ್ಟೇ ಒಣಒಣವಾಗಿ ಪಾಸಾಯಿತು. ಟ್ರೈನಿಂಗ್ ವಿಭಾಗಕ್ಕೆ ಇವರ ಹೊರತು ಇನ್ನೊಬ್ಬ ಕನ್ನಡ ಎಂ.ಎ. ಸಿಗಲಿಲ್ಲ, ಜಾಗ ಇವರಿಗೇ ಆಯಿತು.

ಹಗಲು ಪಾಳಿಯ ಮೊದಲ ಸಂಜೆ, ದೀಪ ಹಚ್ಚುವ ಮುಂಚೆಯೇ ಮನೆಗೆ ಬಂದರು. ವರ್ಷಿಣಿ ಹಾಲ್‌ನಲ್ಲಿ ಓಡಾಡುತ್ತಿದ್ದಳು. ಎದ್ದು ನಿಂತ, ಕಣ್ಣು ಬಿಟ್ಟ, ಮಾತಾಡುವ ಅಪ್ಪನನ್ನು ನೋಡಿ ನನ್ನ ಹಿಂದೆ ಬಚ್ಚಿಟ್ಟುಕೊಂಡು ಅತ್ತಳು.

“ಮಗೀಗೆ ಗುರ್ತು ಸಿಕ್ಕಿಲ್ಲ ಕನಾ,” ಅತ್ತೆ ಹೇಳಿದರು. “ನೀ ನಿಂತಿರಾದ್ನ ಯಾವತ್ ಕಂಡದೆ.”

ಇವರು ಸ್ವಲ್ಪ ಯೋಚಿಸಿದರು. ಬ್ಯಾಗು ಕೆಳಗಿಟ್ಟು, ಬಟ್ಟೆಯನ್ನೂ ಬದಲಿಸದೆ ಹಾಲ್‌ನ ನೆಲದ ಮೇಲೆ ಮಲಗಿ ಕಣ್ಣು ಮುಚ್ಚಿಕೊಂಡರು. ಅಳು ನಿಂತಿತು. ಅವಳು ನನ್ನ ಸೀರೆ ಬಿಟ್ಟು ಹೋಗಿ ಅವರ ಎದೆಯ ಮೇಲೆ ಕೂತಳು. ಮೂಗು ಹಿಡಿದು ನೋಡಿದಳು. ಆಮೇಲೆ ಅವರು ನಿಧಾನವಾಗಿ ಒಂದು ಕಣ್ಣು ಬಿಟ್ಟರು.