ಹದಿನಾರನೆಯ ಮಹಡಿಯ ಗಾಜು

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಮೇ ತಿಂಗಳ ಒಂದು ಗುರುವಾರ. ಕಂಪ್ಯೂಟರಿನ ಮೂಲೆಯಲ್ಲಿ ಆ ಸಮಯ ನೋಡಿದ್ದು ನೆನಪಿದೆ, ಏಕೆಂದರೆ ಮರುಕ್ಷಣವೇ ಪರದೆ ಕಪ್ಪಾಯಿತು. ಏಸಿ ನಿಂತಿತು. ತಲೆ ಎತ್ತಿ ಪಶ್ಚಿಮಕ್ಕೆ ನೋಡಿದರೆ ಊರ ಹೊರಗಿನ ವಾಡಿಯ ಗೋದಾಮುಗಳು ಇರಬೇಕಾದ ಕಡೆ ಮಣ್ಣಿನ ಬಣ್ಣದ ಗೋಡೆಯೊಂದು ಎದ್ದಿತ್ತು.

ನಮ್ಮ ಕಚೇರಿ ಇರುವ ಗಾಜಿನ ಕಟ್ಟಡ ನಾಗಪುರಕ್ಕೆ ಹೊಸದು. ಅತ್ತೆಯ ಮನೆಯವರು ಗದಗಿನ ಕಡೆಯಿಂದ ಬಂದು ಇಲ್ಲಿನ ಸೀತಾಬರ್ಡಿ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟು ಮೂರು ತಲೆಮಾರಾಯಿತು. ಕಟ್ಟಡ ಮೇಲೇಳುತ್ತಿದ್ದಾಗ ಅತ್ತೆ, "ಸಂಜಿ ಬಿಸಲು ಅಂಗಡಿಗೆ ಹೊಡಿಯೂದು ತಪ್ಪತು ನೋಡು, ಸೀರಿ ಬಣ್ಣಾರ ಉಳಿತಾವ," ಎಂದು ಸಂತೋಷಪಟ್ಟಿದ್ದರು. ಅದೇ ಕಟ್ಟಡದಲ್ಲಿ ನನಗೆ ಕೆಲಸ ಸಿಕ್ಕಿತು. ನಮ್ಮ ಮಹಡಿಯ ದೀಪ, ನೀರು, ಕಾವಲು, ಸ್ವಚ್ಛತೆ ಎಲ್ಲವೂ ನನ್ನ ಹೊಣೆ.

ಅಲ್ಲಿ ತೆರೆಯುವ ಕಿಟಕಿ ಒಂದೂ ಇಲ್ಲ. ಹಗಲಲ್ಲಿ ಗಾಜು ಹೊರಗಿನವರಿಗೆ ಬರೀ ಕನ್ನಡಿ. ನಮಗೆ ಅವರು ಕಾಣುತ್ತಾರೆ, ಅವರಿಗೆ ನಾವು ಕಾಣುವುದಿಲ್ಲ. ಗಾಜು ಒರೆಸುವ ಇಬ್ಬರು ಚಾವಣಿಯಿಂದ ಇಳಿಬಿಟ್ಟ, ಸುತ್ತ ಕಂಬಿಯಿರುವ ತೂಗುತೊಟ್ಟಿಲಲ್ಲಿ ಇಳಿದುಬರುವುದನ್ನು ತಿಂಗಳಿಡೀ ನೋಡಿದ್ದೆ. ಒಬ್ಬ ನಲವತ್ತರ ಆಸುಪಾಸಿನ ದಪ್ಪ ಮೀಸೆಯವನು, ಇನ್ನೊಬ್ಬ ಅವನ ಭಾವಮೈದುನ. ಮೇ ತಿಂಗಳಲ್ಲಿ ಅವರು ಬೆಳಕು ಹರಿಯುವಾಗ ಹತ್ತಿ ಹತ್ತು ಗಂಟೆಗೆ ಕೆಲಸ ಮುಗಿಸುತ್ತಿದ್ದರು. ಆ ಗುರುವಾರದ ಮರುದಿನ ದೊಡ್ಡ ಸಾಹೇಬರು ಬರುವವರಿದ್ದರು. ನಮ್ಮ ಪಶ್ಚಿಮದ ಗಾಜು ಕಲೆಕಲೆಯಾಗಿತ್ತು. ಇವತ್ತೊಂದು ದಿನ ಮಧ್ಯಾಹ್ನವೂ ಮಾಡಿಸಿ ಎಂದು ಅವರ ಮೇಲ್ವಿಚಾರಕನಿಗೆ ಹೇಳಿದ್ದು ನಾನು.

ಇಳಿದು ಉಂಡು ಮತ್ತೆ ಹತ್ತಲು ಹೊತ್ತು ಸಾಲದೆಂದು ಅವರು ತೊಟ್ಟಿಲಲ್ಲೇ ಊಟಕ್ಕೆ ಕೂತರು, ನನ್ನ ಮೇಜಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಮುಖಕ್ಕೆ ಸುತ್ತಿದ್ದ ಬಟ್ಟೆ ಸಡಿಲಿಸಿ, ಬಿಸಿಗಾಳಿ ತಟ್ಟದಿರಲೆಂದು ಜೇಬಿನಲ್ಲಿ ಇಟ್ಟುಕೊಂಡಿದ್ದ ಈರುಳ್ಳಿ ತೆಗೆದು ಗುದ್ದಿದರು. ಚಾವಣಿಯಿಂದ ಬೇರೆಯಾಗಿ ಇಳಿದ ಜೀವರಕ್ಷಕ ಹಗ್ಗಕ್ಕೆ ಸೊಂಟದ ಪಟ್ಟಿಯಿಂದ ಸಿಕ್ಕಿಸುವ ಕೊಕ್ಕೆಯ ದಾರ ಗಿಡ್ಡ. ಅದನ್ನು ಸಿಕ್ಕಿಸಿದ್ದರೆ ಚಕ್ಕಳಮಕ್ಕಳ ಹಾಕಿ ಕೂರಲಾಗದು. ಹಾಗಾಗಿ ತಿನ್ನಲು ಕೂರುವಾಗ ಹಗ್ಗದಿಂದ ಬಿಚ್ಚಿ ಬೆನ್ನ ಹಿಂದೆ ಇಳಿಬಿಡುವುದು ಅವರ ರೂಢಿ, ಚಪ್ಪಲಿ ಬಿಟ್ಟು ಕೂತ ಹಾಗೆ. ಬೆಳಗಿನ ತಿಂಡಿಗೆ ಕೂತಾಗ ಮೊದಲೂ ಅದನ್ನು ನೋಡಿದ್ದೆ. ಯಾರಿಗೂ ಹೇಳಿರಲಿಲ್ಲ. ಎಷ್ಟು ನೆಮ್ಮದಿಯಾಗಿ ಉಣ್ಣುತ್ತಾರೆ ಎಂದಷ್ಟೇ ಅನಿಸಿತ್ತು.

ಗಾಳಿ ಬಂದಾಗ ಭಾವಮೈದುನ ಮೊದಲು ಕೊಕ್ಕೆ ಸಿಕ್ಕಿಸಿಕೊಂಡ. ಮೀಸೆಯವನು ಹಾಗೇ ಎದ್ದ. ಕರೆಂಟು ಇಲ್ಲದೆ ತೊಟ್ಟಿಲು ನಿಂತಿತ್ತು. ಕೈಯಿಂದ ಇಳಿಸುವ ಹಿಡಿಕೆ ಅದರ ತುದಿಯಲ್ಲಿ, ಕಂಬಿಯ ಆಚೆ. ಅವನು ಹೊಟ್ಟೆಯನ್ನು ಕಂಬಿಗೆ ಒತ್ತಿ ಹೊರಕ್ಕೆ ಬಾಗಿದ. ಬೆನ್ನ ಹಿಂದೆ ಅವನ ಕೊಕ್ಕೆ ಗಾಳಿಗೆ ಕಂಬಿಯನ್ನು ಬಡಿಯುತ್ತಿತ್ತು. ತಲೆ ತಗ್ಗಿಸಿ ಎರಡೂ ಕೈಯಲ್ಲಿ ಕಂಬಿ ಹಿಡಿದಿದ್ದ ಭಾವಮೈದುನ ಅದನ್ನು ನೋಡಲಿಲ್ಲ.

ನಾನು ಗಾಜು ಬಡಿದೆ. ಕುರ್ಚಿಯಿಂದ ಬಡಿದೆ. ಎರಡು ಪದರದ ಗಾಜು, ಅದು ಅಲುಗಲೂ ಇಲ್ಲ. ಉಳಿದವರೆಲ್ಲ ಆಗಲೇ ಮೆಟ್ಟಿಲ ಕಡೆ ಹೋಗಿದ್ದರು. ಮೇಲ್ವಿಚಾರಕನಿಗೆ ಫೋನು ಮಾಡಿದರೆ, ಚಾವಣಿಯ ಬಾಗಿಲು ಗಾಳಿಗೆ ತೆರೆಯುತ್ತಿಲ್ಲ, ನೀವೇ ಕೂಗಿ ಹೇಳಿ ಎಂದ. ಕೂಗಿದೆ. ನನ್ನ ಕೂಗು ಕೋಣೆಯೊಳಗೇ ಉಳಿಯಿತು.

ಧೂಳು ನಮ್ಮನ್ನು ಮುಚ್ಚಿತು. ಮಧ್ಯಾಹ್ನವೇ ಮುಸ್ಸಂಜೆಯಾಯಿತು. ಆಗ ಹೊಳೆಯಿತು: ಹೊರಗೆ ಕತ್ತಲಾದರೆ, ಒಳಗೆ ಬೆಳಕಿದ್ದರೆ ಈ ಗಾಜು ಕನ್ನಡಿಯಾಗಿ ಉಳಿಯುವುದಿಲ್ಲ. ಫೋನಿನ ಟಾರ್ಚು ಹಚ್ಚಿ ನನ್ನ ಮುಖಕ್ಕೇ ಹಿಡಿದುಕೊಂಡೆ, ಮೂಗು ಗಾಜಿಗೆ ಒತ್ತಿ.

ಮೀಸೆಯವನು ಹಿಡಿಕೆಯಿಂದ ಕೈ ತೆಗೆದು ತಿರುಗಿದಾಗ ನನ್ನ ಮುಖ ಕಂಡು ಬೆಚ್ಚಿ ಹಿಂದೆ ಸರಿದ. ನನ್ನ ಕೊರಳಲ್ಲಿದ್ದ ಗುರುತಿನ ಚೀಟಿಯ ಪುಟ್ಟ ಕೊಕ್ಕೆಯನ್ನು ಗಾಜಿನ ಬಿಸಿಲುಪರದೆ ಎಳೆಯುವ ಸರಪಳಿಗೆ ಸಿಕ್ಕಿಸಿ ತೋರಿಸಿದೆ. ತೆಗೆದು ಮತ್ತೆ ಸಿಕ್ಕಿಸಿದೆ. ಅವನು ತನ್ನ ಸೊಂಟ ನೋಡಿಕೊಂಡ. ಕೊಕ್ಕೆ ಹಿಡಿದು ಹಗ್ಗಕ್ಕೆ ಹಾಕಿದ.

ಮುಂದಿನ ಹೊಡೆತಕ್ಕೆ ತೊಟ್ಟಿಲಿನ ಒಂದು ತುದಿ ಎದ್ದು ಗಾಜಿಗೆ ಅಪ್ಪಳಿಸಿತು. ಅವನ ಎರಡೂ ಕಾಲು ಕಂಬಿಯ ಆಚೆ ಹೋದವು. ಒಂದು ಕ್ಷಣ ಅವನು ಆ ಹಗ್ಗದಲ್ಲಷ್ಟೇ ಇದ್ದ. ಭಾವಮೈದುನ ಪಟ್ಟಿ ಹಿಡಿದು ಒಳಕ್ಕೆ ಎಳೆದುಕೊಂಡ. ಗಾಳಿ ಇಳಿದ ಮೇಲೆ ಇಬ್ಬರೂ ಹಿಡಿಕೆ ತಿರುಗಿಸುತ್ತ ಇಂಚಿಂಚಾಗಿ ಕಣ್ಮರೆಯಾದರು.

ಲಿಫ್ಟಿರಲಿಲ್ಲ. ಹದಿನಾರು ಮಹಡಿ ಕತ್ತಲಲ್ಲಿ ಗೋಡೆ ಸವರುತ್ತ ಇಳಿದೆ. ಕೆಳಗೆ ಮೀಸೆಯವನು ನೀರಿನ ಕ್ಯಾನಿನ ಪಕ್ಕ ಕೂತಿದ್ದ. ನನ್ನನ್ನು ಗುರುತಿಸಿ ಹಿಂದಿಯಲ್ಲಿ ಹೇಳಿದ: "ದೀದಿ, ಒಂದು ತಿಂಗಳಿಂದ ಆ ಗಾಜಿನಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದೆ. ಇವತ್ತು ಮೀಸೆ ಇಲ್ಲದ ಮುಖ ಕಂಡು ಜೀವ ಹೋಯಿತು."

ಭಾವಮೈದುನ ನಕ್ಕ. ಅವರನ್ನು ಮಧ್ಯಾಹ್ನ ಹತ್ತಿಸಿದ್ದು ನಾನು ಎಂದು ಆಗ ಹೇಳಲಾಗಲಿಲ್ಲ. ಮೂರನೆಯ ದಿನ ಮೀಸೆಯವನಿಗೆ ಹೇಳಿದೆ, ಘಟನೆಯ ವರದಿಯಲ್ಲೂ ಬರೆದೆ. ಅವನು, "ಇನ್ನು ಮಧ್ಯಾಹ್ನ ಬೇಡ," ಎಂದಷ್ಟೇ ಅಂದ. ಆಮೇಲೆ ಊರಿಗೆ ಹೋದ. ಮತ್ತೆ ಬರುತ್ತಾನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಮನೆಯಲ್ಲಿ ರಾತ್ರಿ ಕೂಲರಿನ ತಗಡು ಬಡಿದರೂ ಎದ್ದು ಕೂರುತ್ತಿದ್ದೆ. ಕನಸಿನಲ್ಲಿ ಟಾರ್ಚು ಹತ್ತುತ್ತಿರಲಿಲ್ಲ. "ಅಂವಾ ಬರೋಬರ್ ಇಳದಾನಲ್ಲ, ಮತ್ಯಾಕ?" ಎಂದು ಗಂಡ ಕೇಳುತ್ತಿದ್ದ. ಇಳಿದದ್ದನ್ನು ಕಣ್ಣಾರೆ ನೋಡಿದ್ದೆ. ಆದರೂ ಕಣ್ಣು ಮುಚ್ಚಿದರೆ ಕೊಕ್ಕೆ ಬಡಿಯುತ್ತಿತ್ತು, ನಾನು ಗಾಜಿನ ಈಚೆ ಇದ್ದೆ.

ಮಳೆ ಶುರುವಾಗಿ ಎರಡು ವಾರಕ್ಕೆ, ಒಂದು ಮಂಗಳವಾರ, ಬೆಳಿಗ್ಗೆ ಎಂಟೂವರೆಗೆ ಕಚೇರಿಗೆ ಹೋದಾಗ ತೊಟ್ಟಿಲು ಮೇಲಿನಿಂದ ಇಳಿಯುತ್ತಿತ್ತು. ಮೊದಲು ಎರಡು ಜೊತೆ ಬೂಟು, ಆಮೇಲೆ ಸೊಂಟ, ಆಮೇಲೆ ಮೀಸೆ. ಬಿಸಿಲಿತ್ತು, ಅವನಿಗೆ ಕಂಡಿದ್ದು ಕನ್ನಡಿಯೇ. ನಾನು ಬಲಗಡೆ ನಿಂತಿದ್ದೆ. ಅವನು ಎಡಗಡೆಯ ಗಾಜನ್ನು ಬೆರಳಲ್ಲಿ ತಟ್ಟಿ, ಸೊಂಟದ ಹಗ್ಗ ಎಳೆದು ಕೊಕ್ಕೆ ತೋರಿಸಿದ. ನನ್ನ ಮಹಡಿ ಯಾವುದೆಂದು ಅವನಿಗೆ ಗೊತ್ತಿರಲಿಲ್ಲವೇನೋ. ಸ್ವಲ್ಪ ಹೊತ್ತಿಗೆ ಹದಿನೈದನೆಯ ಮಹಡಿಯ ಗೆಳತಿ ಫೋನು ಮಾಡಿ, ಇಲ್ಲೂ ಯಾರೋ ಗಾಜು ತಟ್ಟಿ ಏನೋ ತೋರಿಸುತ್ತಿದ್ದಾನೆ ಎಂದಳು.

ಅವತ್ತು ರಾತ್ರಿ ಮಲಗಿದವಳನ್ನು ಮರುದಿನ ಬೆಳಿಗ್ಗೆ ಏಳಕ್ಕೆ ಅತ್ತೆಯೇ ಬಂದು ಎಬ್ಬಿಸಬೇಕಾಯಿತು.